ದಾರ ಕಟ್ಟಿದ ತುದಿ

ಮೂಳೆ ವಾರ್ಡು, ಹಾಸಿಗೆ ಹದಿನೇಳು
ಜನವರಿ 18

ಅಕ್ಕ,

ಹನ್ನೊಂದು ವರ್ಷದ ಮೇಲೆ ನನ್ನ ಕೈಬರಹ ಕಂಡು ಗಾಬರಿಯಾಗಬೇಡ. ಸತ್ತಿಲ್ಲ, ಏಣಿಯಿಂದ ಬಿದ್ದಿದ್ದೇನೆ. ತೊಡೆಮೂಳೆ ಎರಡು ಕಡೆ ಮುರಿದಿದೆ. ಕಾಲಿಗೆ ತೂಕ ಕಟ್ಟಿ ಅಂಗಾತ ಮಲಗಿಸಿದ್ದಾರೆ. ಏಪ್ರಿಲ್ ತನಕ ಹೀಗೇ ಅಂತೆ. ಇದು ರಾಜಿಯ ಪತ್ರ ಅಲ್ಲ, ಕೆಲಸದ ಪತ್ರ. ಓದಿ ಕೆಲಸ ಮಾಡು, ಉಳಿದದ್ದು ಇದ್ದ ಹಾಗೇ ಇರಲಿ.

ನಮ್ಮ ನರ್ಸರಿ ಇದ್ದಲ್ಲಿ ಗೋದಾಮು ಬರುತ್ತದೆ. ಮೂವತ್ತೊಂದು ವರ್ಷ ನಾನು ಕಸಿ ಕಟ್ಟಿ ಬೆಳೆಸಿದ ಮರಗಳನ್ನೆಲ್ಲ ಹೋದ ವಾರ ಉರುಳಿಸಿದರು. ಅದರಲ್ಲಿ ಅಮ್ಮನ ಸೇಬಿನ ಮರವೂ ಒಂದು. ಇದು ನಿನಗೆ ಗೊತ್ತಿರಲಿಕ್ಕಿಲ್ಲ. ಅಮ್ಮ ಹೋದ ಮೇಲೆ ನೀನು ಹಿತ್ತಿಲಿನ ಮರ ಕಡಿಸಿ ಗಾಡಿಗೆ ತುಂಬಿಸುತ್ತಿದ್ದಾಗ, ನಾನು ಆ ಗಾಡಿಯಿಂದ ಒಂದು ಕೊಂಬೆ ಎಳೆದುಕೊಂಡು, ನಿನ್ನ ಜೊತೆ ಮಾತಾಡದೆ ಹೋದೆನಲ್ಲ. ಹೂ ಬಿಟ್ಟ ಮರದ ಕಡ್ಡಿ ಕಸಿಗೆ ಆಗದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಲವತ್ತು ಕಟ್ಟಿದೆ. ಒಂದು ಹಿಡಿಯಿತು. ಆ ಒಂದರಿಂದ ಕಡ್ಡಿ ಉಳಿಸಿಕೊಳ್ಳೋಣವೆಂದು ಕಡಿಯುವ ಹಿಂದಿನ ದಿನ ಹತ್ತಿದಾಗಲೇ ಏಣಿ ಜಾರಿತು.

ಪ್ರಜ್ಞೆ ತಪ್ಪಿದಾಗಲೂ ಕಡ್ಡಿ ಕೈಬಿಟ್ಟಿರಲಿಲ್ಲವಂತೆ. ಇಲ್ಲಿಯ ದೊಡ್ಡ ಸಿಸ್ಟರ್ ಅವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಟ್ಟಿದ್ದರು. ನಿನ್ನೆ, "ಏನ್ರೀ ಇದು, ಇಂಜೆಕ್ಷನ್ ಪಕ್ಕ ಸೌದೆ ಇಟ್ಕೊಂಡು ಎಷ್ಟು ದಿನ ಕೂತಿರ್ಲಿ ನಾನು?" ಎಂದರು. ಅದಕ್ಕೇ ನಿನಗೆ ಕಳುಹಿಸುತ್ತಿದ್ದೇನೆ. ಇದನ್ನು ಕೊಡಲು ನನಗೆ ಬೇರೆ ಯಾರೂ ಇಲ್ಲ.

ಹಿತ್ತಿಲಿನಲ್ಲಿ ಆ ಮರದ ಬುಡ ಇನ್ನೂ ಇದ್ದರೆ ಅದರಿಂದ ಕಾಡು ಚಿಗುರು ಎದ್ದಿರಬೇಕು, ಅಮ್ಮನ ಸೇಬಿನದಲ್ಲ, ಅದರ ಕೆಳಗಿನ ಕಾಡುಬೇರಿನದು. ಹೆಬ್ಬೆರಳಿನ ಗಾತ್ರದ್ದು ಸಾಕು. ಮೊಣಕಾಲೆತ್ತರಕ್ಕೆ ಕತ್ತರಿಸಿ, ನಡುವೆ ಸೀಳು. ಕಡ್ಡಿಯ ತುದಿಯನ್ನು ಬೆಣೆಯಂತೆ ಹೆರೆದು ಸೀಳಿನಲ್ಲಿ ಕೂರಿಸು. ಎರಡರ ತೊಗಟೆಯ ಒಳಗಿನ ಹಸಿರು ಪದರ ಒಂದನ್ನೊಂದು ಮುಟ್ಟಬೇಕು. ಬಿಗಿಯಾಗಿ ಸುತ್ತಿ ಮೇಣ ಬಳಿ. ಎರಡೂ ತುದಿ ಕತ್ತರಿಸಿದ ಕಡ್ಡಿಗಳು. ತಲೆ ಯಾವುದು ಬುಡ ಯಾವುದು ಎಂದು ತಿಳಿಯದಿದ್ದರೆ ಕೆಂಪು ದಾರ ನೋಡು.

ಕಡ್ಡಿ ಮೂರೇ ಇವೆ. ಹುಷಾರು.

ಕಸಿ ಕಟ್ಟುವವ

*

ಜನವರಿ 26

ಮೊಂಡ,

ಸತ್ತಿಲ್ಲವೆಂದು ತಿಳಿಸಿದ್ದಕ್ಕೆ ಉಪಕಾರವಾಯಿತು. ಹನ್ನೊಂದು ವರ್ಷದಲ್ಲಿ ಅಷ್ಟಾದರೂ ಬರೆಯಬೇಕೆನಿಸಿತಲ್ಲ.

ಕೆಲಸದ ಪತ್ರಕ್ಕೆ ಕೆಲಸದ ಉತ್ತರ. ಬುಡ ಇದೆ. ವರ್ಷ ವರ್ಷವೂ ಚಿಗುರುತ್ತಿತ್ತು, ವರ್ಷ ವರ್ಷವೂ ಕತ್ತರಿಸಿ ಎಸೆಯುತ್ತಿದ್ದೆ. ಎರಡು ವರ್ಷದಿಂದ ಕೈ ಬರಲಿಲ್ಲ, ಬಿಟ್ಟೆ. ಅದರಲ್ಲಿ ಒಂದು ಸರಿಯಾಗಿ ಹೆಬ್ಬೆರಳಿನ ಗಾತ್ರಕ್ಕಿತ್ತು.

ನಿನ್ನ ಮೂರು ಕಡ್ಡಿಗಳಲ್ಲಿ ಒಂದು ಅಂಚೆಯಲ್ಲೇ ಮುರಿದಿತ್ತು. ಇನ್ನೊಂದನ್ನು ನಾನು ಹಾಳುಮಾಡಿದೆ. ಬೈಯಬೇಡ. ಲೈಬ್ರರಿಯ ರಟ್ಟು ಕಟ್ಟುವ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಇದೇ ಚಾಕು ಹಿಡಿದಿದ್ದೇನೆ, ತೊಗಲು ಹೆರೆದಿದ್ದೇನೆ, ಕಾಗದದ ಅಂಚು ಕೂದಲೆಳೆಯಷ್ಟೂ ತಪ್ಪದ ಹಾಗೆ ಕತ್ತರಿಸಿದ್ದೇನೆ. ಆದರೆ ಅವು ಯಾವುವೂ ಜೀವ ಇರುವಂಥವಲ್ಲ. ಒಣಕಡ್ಡಿ ಎಂದುಕೊಂಡು ಚಾಕು ಇಟ್ಟರೆ ಒಳಗೆ ಹಸಿರು, ಮುಟ್ಟಿದರೆ ತೇವ! ಇಷ್ಟು ಚಳಿಯಲ್ಲಿ, ತೊಟ್ಟಿಯ ನೀರು ಹೆಪ್ಪುಗಟ್ಟಿರುವಾಗ, ಎರಡು ಊರು ದಾಟಿ ಡಬ್ಬದಲ್ಲಿ ಬಂದ ಕಡ್ಡಿಯೊಳಗೆ ತೇವ. ಬೆಚ್ಚಿ ಚಾಕುವನ್ನು ಆಳಕ್ಕೆ ಒತ್ತಿಬಿಟ್ಟೆ ಕಣೋ. ಅದಕ್ಕೇ ಅದು ಹಾಳಾಯಿತು.

ಮೂರನೆಯದು ಸರಿಯಾಗಿ ಕೂತ ಹಾಗಿದೆ. ದಾರ ನೋಡಿಕೊಂಡೇ ಇಟ್ಟೆ. ಪುಸ್ತಕ ಹೊಲಿಯುವ ನೂಲಿನಿಂದ ಸುತ್ತಿ, ನೂಲಿಗೆ ಹಚ್ಚುವ ಜೇನುಮೇಣವನ್ನೇ ಬಳಿದೆ. ನಾನು ಕಟ್ಟಿದ್ದು ಬಿಚ್ಚುವುದಿಲ್ಲ, ಅದು ಬೇಕಾದರೆ ಲೈಬ್ರರಿಯಲ್ಲಿ ಯಾರನ್ನಾದರೂ ಕೇಳು.

ಇನ್ನೇನು ಮಾಡಬೇಕು? ಕಾಯಬೇಕೋ?

ಅಕ್ಕ

*

ಫೆಬ್ರವರಿ 4

ಅಕ್ಕ,

ಕಾಯಬೇಕು. ಅಷ್ಟೇ ಕೆಲಸ. ಮುಟ್ಟಬೇಡ, ಅಲುಗಿಸಬೇಡ, ಹಿಡಿದಿದೆಯೋ ಎಂದು ಕೆರೆದು ನೋಡಬೇಡ. ನೀನು ಚಿಕ್ಕವಳಿದ್ದಾಗ ಬೀಜ ಹಾಕಿ ಮಾರನೆಯ ದಿನ ಅಗೆದು ನೋಡುತ್ತಿದ್ದವಳು.

ಈಗ ಅಲ್ಲಿ ಏನು ನಡೆಯುತ್ತಿದೆ ಎಂದು ಹೇಳುತ್ತೇನೆ. ಮರ ಅಷ್ಟು ದೊಡ್ಡದಾಗಿ ಕಂಡರೂ ಒಳಗಿನ ಕಟ್ಟಿಗೆಯೆಲ್ಲ ಹೆಚ್ಚುಕಡಿಮೆ ಸತ್ತದ್ದೇ. ಬದುಕಿ ಬೆಳೆಯುವುದು ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ಆ ಒಂದು ಪದರ, ನಿನ್ನ ಪುಸ್ತಕದ ಹಾಳೆಯಷ್ಟೂ ದಪ್ಪ ಇಲ್ಲ. ನೀನು ಒಂದು ಗಾಯಕ್ಕೆ ಇನ್ನೊಂದು ಗಾಯ ತಾಗಿಸಿ ಕಟ್ಟಿದ್ದೀಯ. ಈಗ ಎರಡೂ ಕತ್ತಲಲ್ಲಿ ಒಂದನ್ನೊಂದು ತಡಕುತ್ತಿವೆ. ಯಾರು ಯಾರಿಗೆ ಏನು ಹೇಳುತ್ತಾರೋ, ಯಾವ ಗಳಿಗೆಯಲ್ಲಿ ಒಪ್ಪುತ್ತಾರೋ, ಮೂವತ್ತೊಂದು ವರ್ಷ ಕಟ್ಟಿದರೂ ನನಗೆ ತಿಳಿದಿಲ್ಲ. ಹಿಡಿದ ಕಸಿ ಕಂಡಾಗ ಪ್ರತಿ ಸಲವೂ ಟೋಪಿ ತೆಗೆದಿದ್ದೇನೆ. ನರ್ಸರಿಯಲ್ಲಿ ನಗುತ್ತಿದ್ದರು.

ಪಕ್ಕದ ಹಾಸಿಗೆಯಲ್ಲಿ ಒಬ್ಬ ಬಸ್ ಡ್ರೈವರ್ ಇದ್ದಾನೆ, ಎರಡೂ ಕೈಗೆ ಪ್ಲಾಸ್ಟರ್. ನಿನ್ನ ಪತ್ರ ಅವನಿಗೂ ಓದಿ ಹೇಳಿದೆ. "ನಿಮ್ಮಕ್ಕ ಬೈಯೋದು ಕೇಳಿದ್ರೆ ನಮ್ಮಕ್ಕನ ನೆನಪಾಗತ್ತೆ, ಇನ್ನೊಂದ್ಸಲ ಓದಿ" ಎಂದ. ಕಿಟಕಿಯಿಂದ ನಮಗೆ ಕಾಣುವುದು ಒಂದು ಇಟ್ಟಿಗೆ ಗೋಡೆ ಮಾತ್ರ. ಮಧ್ಯಾಹ್ನ ಅದರ ಮೇಲೆ ಬಿಸಿಲಿನ ತುಂಡೊಂದು ಬೀಳುತ್ತದೆ. ಬಂದ ದಿನ ಮೇಲಿನಿಂದ ನಾಲ್ಕನೇ ಇಟ್ಟಿಗೆಯ ತನಕ ಇಳಿಯುತ್ತಿತ್ತು, ಈಗ ಏಳನೆಯದು. ವಸಂತದ ಸುದ್ದಿ ನಮಗೆ ಇರುವುದು ಅಷ್ಟೇ.

ಹಿತ್ತಿಲಿನಲ್ಲಿ ಏನೇನು ಕಾಣುತ್ತದೆಯೋ ಬರೆ. ಒಂದನ್ನೂ ಬಿಡಬೇಡ.

ತಮ್ಮ

*

ಫೆಬ್ರವರಿ 15

ಮೊಂಡ,

ಬೆಳಗ್ಗೆ ಲೈಬ್ರರಿಗೆ ಹೋಗುವ ಮೊದಲು ಒಂದು ಸುತ್ತು, ಬಂದ ಮೇಲೆ ಒಂದು ಸುತ್ತು. ನನಗೇ ನಾಚಿಕೆಯಾಗುವಷ್ಟು ನೋಡುತ್ತಿದ್ದೇನೆ. ವರದಿ ತೆಗೆದುಕೋ.

ತೊಟ್ಟಿಯ ನೀರು ಮೂರು ದಿನದಿಂದ ಹೆಪ್ಪುಗಟ್ಟಿಲ್ಲ. ಗೋಡೆಯ ಬುಡದಲ್ಲಿ ಒಂದು ಇರುವೆ ಬಂತು, ಅತ್ತಿತ್ತ ನೋಡಿ ವಾಪಸ್ ಹೋಯಿತು. ಮಣ್ಣಿಗೆ ನಿನ್ನೆಯಿಂದ ವಾಸನೆ ಬಂದಿದೆ. ಇಷ್ಟು ದಿನ ಇರಲಿಲ್ಲ ಎನ್ನುವುದು ಬಂದ ಮೇಲೆ ಗೊತ್ತಾಯಿತು. ಬಾಗಿಲಲ್ಲೇ ನಿಂತುಬಿಟ್ಟೆ, ಹಾಲು ಉಕ್ಕಿ ಒಲೆಯೆಲ್ಲ ರಾಡಿ.

ಪಕ್ಕದ ಮನೆಯ ಹಲ್ಲಿನ ಡಾಕ್ಟರಮ್ಮನಿಗೆ ನಮ್ಮ ಕಸಿಯ ವಿಷಯ ತಿಳಿದು ಬೇಲಿಯಿಂದ ಮೂಗು ತೂರಿಸಿದರು. "ಬಗ್ಗಿ ಬಗ್ಗಿ ಸೊಂಟ ಯಾಕ್ ಮುರ್ಕೋತೀರಿ, ತಗೊಳ್ಳಿ" ಎಂದು ಬಾಯೊಳಗೆ ಹಿಡಿಯುವ ಪುಟ್ಟ ಕನ್ನಡಿ ಕೊಟ್ಟರು. ಈಗ ಸುತ್ತಲೂ, ಅಡಿಯಿಂದಲೂ ನೋಡಬಹುದು. ಕಡ್ಡಿಯಲ್ಲಿ ನಾಲ್ಕು ಮೊಗ್ಗುಗಳಿವೆ, ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ, ಕಂದು ಬಣ್ಣ, ಮೇಲೆ ಸಣ್ಣ ನವಿರು. ಎಲ್ಲವೂ ಕಡ್ಡಿಗೆ ಅಂಟಿಕೊಂಡು, ತಲೆ ತಗ್ಗಿಸಿ, ನೆಲ ನೋಡುತ್ತಿವೆ. ಚಳಿಗೆ ಹಾಗೆ ಮುದುಡಿರಬೇಕು, ಪಾಪ. ಬೆಚ್ಚಗಾದ ಮೇಲೆ ಏಳುತ್ತವೆಯೇ?

ನಿನ್ನ ಕೆಂಪು ದಾರ ಮೇಲ್ತುದಿಯಲ್ಲಿ ಹಾಗೇ ಇದೆ. ಪುಸ್ತಕದ ಬೆನ್ನಿನ ತಲೆಯಿಂದ ಗುರುತಿನ ರಿಬ್ಬನ್ನು ಇಳಿಬಿಡುತ್ತೇವಲ್ಲ, ಥೇಟ್ ಹಾಗೆ. ನಿನಗೂ ನನ್ನ ಕಸುಬಿನ ಪದ್ಧತಿ ಗೊತ್ತಿದೆಯಲ್ಲ ಎಂದು ಖುಷಿಯಾಯಿತು. ಗಾಳಿಗೆ ಅದು ಅಲ್ಲಾಡಿದಾಗೆಲ್ಲ ನೀನು ಹಿತ್ತಿಲಿಗೆ ಬಂದ ಹಾಗೆ ಅನ್ನಿಸುತ್ತದೆ.

ಒಂದು ಮಾತು ಕೇಳುತ್ತೇನೆ, ಉತ್ತರ ಕೊಡದಿದ್ದರೂ ನಡೆದೀತು. ಇದು ಚಿಗುರಿದರೆ ನೋಡಲು ಬರುತ್ತೀಯಾ?

ಅಕ್ಕ

*

ಫೆಬ್ರವರಿ 20
(ಅಂಚೆಗೆ ಹಾಕದೆ ದಿಂಬಿನಡಿ ಇಟ್ಟ ಪತ್ರ)

ಅಕ್ಕ,

ತಲೆಕೆಳಗಾಗಿ ಕಟ್ಟಿದ್ದೀಯ.

ದಾರ ಕಟ್ಟುವುದು ಬುಡಕ್ಕೆ. ಕಡ್ಡಿ ಕತ್ತರಿಸಿದ ತಕ್ಷಣ ಬುಡದ ತುದಿಗೆ ದಾರ ಸುತ್ತುತ್ತೇವೆ, ಮಣ್ಣಿನ ಕಡೆ ಹೋಗಬೇಕಾದ್ದು ಇದು ಎಂದು. ನಮ್ಮಲ್ಲಿ ಹೊಸದಾಗಿ ಸೇರಿದವನಿಗೂ ಮೊದಲ ದಿನವೇ ಗೊತ್ತಾಗುವ ವಿಷಯ. ಅದಕ್ಕೇ ಬರೆಯಲಿಲ್ಲ. ಮೊಗ್ಗು ಚಳಿಗೆ ಮುದುಡಿಲ್ಲ ಅಕ್ಕ, ಅದು ಆಕಾಶ ಎಂದುಕೊಂಡು ನೋಡುತ್ತಿರುವುದು ನೆಲವನ್ನು. ಕಡ್ಡಿಯೊಳಗೆ ರಸ ಹರಿಯಲು ಒಂದು ದಿಕ್ಕಿದೆ. ನೀನು ಆ ದಿಕ್ಕನ್ನೇ ತಿರುಗಿಸಿದ್ದೀಯ. ನನ್ನ ಕೈಯಲ್ಲಿ ಇಂಥದ್ದು ಯಾವತ್ತೂ ಆಗಿಲ್ಲ, ಬೇರೆಯವರು ಮಾಡಿದ್ದು ಎರಡು ಸಲ ಕಂಡಿದ್ದೇನೆ, ಎರಡೂ ಒಣಗಿದವು.

ಮೊದಲು ಇದ್ದ ಮರವನ್ನು ಕಡಿಸಿದೆ. ಈಗ ಉಳಿದ ಒಂದು ಕಡ್ಡಿಯನ್ನು ಹೀಗೆ ಮಾಡಿದೆ. ಪುಸ್ತಕವಂತೆ, ರಿಬ್ಬನ್ನಂತೆ!

ಇಷ್ಟು ಬರೆದು ಪೆನ್ನು ಇಟ್ಟೆ. ಡ್ರೈವರ್ ಕೇಳಿದ, "ಯಾಕ್ ಸರ್, ಮುಖ ಹಿಂಗಾಯ್ತು? ಅಕ್ಕ ಏನಂತಾರೆ?" ನಿನ್ನ ಪತ್ರವನ್ನು ಅವನಿಗೆ ಓದಿದೆ. ಇರುವೆ ವಾಪಸ್ ಹೋಯಿತು ಎನ್ನುವಲ್ಲಿ ಅವನು ನಕ್ಕ. ಹಾಲು ಉಕ್ಕಿದ್ದು ಎನ್ನುವಲ್ಲಿ ನಾನು ಪತ್ರ ಮಡಿಸಿಟ್ಟೆ. ನೀನು ಬಾಗಿಲಲ್ಲಿ ನಿಂತು ಮಣ್ಣು ಮೂಸುತ್ತಿದ್ದೀಯ. ನಿನ್ನ ಕೈಯಿಂದ ಆ ಕನ್ನಡಿ ಕಿತ್ತುಕೊಳ್ಳುವುದು ಹೇಗೆ?

ತಪ್ಪು ನಿನ್ನದಲ್ಲ. ದಾರದ ವಿಷಯ ಒಂದು ಸಾಲು ಬರೆಯಬೇಕಿತ್ತು. ಹನ್ನೊಂದು ವರ್ಷ ಮಾತು ಉಳಿಸಿ ಉಳಿಸಿ, ಆಡಲೇಬೇಕಾದ ಮಾತನ್ನೂ ಉಳಿಸಿಕೊಂಡೆ.

*

ಫೆಬ್ರವರಿ 24

ಅಕ್ಕ,

ವರದಿ ತಲುಪಿತು. ಎಲ್ಲ ಚೆನ್ನಾಗಿದೆ. ಕೆಲವು ಕಸಿ ನಿಧಾನ, ಅವಸರ ಮಾಡಬೇಡ. ಬಿಸಿಲು ಹತ್ತನೇ ಇಟ್ಟಿಗೆಗೆ ಬಂದಿದೆ.

ತಮ್ಮ

*

ಮಾರ್ಚ್ 7

ಮೊಂಡ,

ನಾಲ್ಕು ಸಾಲು ಬರೆಯುವಷ್ಟು ಬಡವನಾದೆಯಾ? ಇರಲಿ.

ಎಲ್ಲ ಶುರುವಾಗಿದೆ. ಡಾಕ್ಟರಮ್ಮನ ಬೇಲಿಯ ಬಳ್ಳಿಗೆ ಹಸಿರು ಚುಕ್ಕೆ ಬಂದಿದೆ. ಹಾದಿಯ ಕಲ್ಲಿನ ಸಂದಿಯಲ್ಲಿ ಹೆಸರಿಲ್ಲದ ಹುಲ್ಲೊಂದು ಎರಡು ಎಲೆ ಹೊತ್ತು ನಿಂತಿದೆ. ಅಷ್ಟು ದೊಡ್ಡ ಕಲ್ಲನ್ನು ಅದು ಹೇಗೆ ಪಕ್ಕಕ್ಕೆ ಸರಿಸಿತೋ! ಬೆರಳಿನಿಂದ ಮುಟ್ಟಿದರೆ ಬಾಗುವಂಥದ್ದು. ಅರ್ಧ ಗಂಟೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ.

ನಮ್ಮ ಕಡ್ಡಿ ಮಾತ್ರ ಹಾಗೇ ಇದೆ. ದಿನಾ ಕನ್ನಡಿ ಹಿಡಿದು ನೋಡಿ ಬರುತ್ತೇನೆ. ಹೀಗೆ ಬೆಳಬೆಳಗ್ಗೆ ಮರ ನೋಡಿ ಬರುವುದು ನನಗೆ ಹೊಸದಲ್ಲ. ಅದನ್ನೇ ನಿನಗೆ ಹೇಳಬೇಕು, ಇವತ್ತು ಹೇಳದಿದ್ದರೆ ಮತ್ತೆ ಧೈರ್ಯ ಬರುವುದಿಲ್ಲ.

ಅಮ್ಮನ ಕೊನೆಯ ವಾರ, ನಿನಗೆ ಕಸಿಯ ಕಾಲ, ಬಿಡುವಿರಲಿಲ್ಲ. ಅಮ್ಮನ ಮಂಚದಿಂದ ಹಿತ್ತಿಲು ಕಾಣುತ್ತಿರಲಿಲ್ಲ. ದಿನಾ ಬೆಳಗ್ಗೆ ಒಂದೇ ಪ್ರಶ್ನೆ, "ಚಿಗುರಿತೇನೇ?" ನಾನು ಹೋಗಿ ನೋಡಿ ಬಂದು, "ಇನ್ನೂ ಇಲ್ಲ ಅಮ್ಮಾ" ಎನ್ನುತ್ತಿದ್ದೆ. ಏಳನೆಯ ದಿನ ಅವಳ ಉಸಿರು ನೋಡಿ, "ಚಿಗುರಿದೆ ಅಮ್ಮಾ, ತುಂಬಾ ಚಿಗುರಿದೆ" ಎಂದುಬಿಟ್ಟೆ. "ಹೌದಾ?" ಎಂದು ಅವಳ ಮುಖ ಅರಳಿದ ರೀತಿಯನ್ನು ನಾನು ಹೇಗೆ ಹೇಳಲಿ. ಆ ಮಧ್ಯಾಹ್ನ ಹೋದಳು. ಮರ ಇನ್ನೂ ಬೋಳಾಗಿತ್ತು.

ಎರಡು ವಾರದ ಮೇಲೆ ಹೂ ಬಿಟ್ಟಿತು. ಹಿಂದೆಂದೂ ಹಾಗೆ ಬಿಟ್ಟಿದ್ದಿಲ್ಲ, ಕೊಂಬೆ ಕಾಣದ ಹಾಗೆ. ನನ್ನ ಸುಳ್ಳು ಕಿಟಕಿಯ ಹೊರಗೆ ಬೆಳ್ಳಗೆ ಬಂದು ನಿಂತ ಹಾಗಾಯಿತು. ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಕಡಿಸಿದೆ. ಬೇರು ಗೋಡೆ ಸೀಳುತ್ತಿದೆ ಎಂದು ನಿನಗೆ ಹೇಳಿದ್ದೂ ಸುಳ್ಳೇ. ಗೋಡೆಗೆ ಏನೂ ಆಗಿರಲಿಲ್ಲ.

ಈಗ ಕಡ್ಡಿಯ ಮುಂದೆ ನಿಂತಾಗ ಅದೇ ಪ್ರಶ್ನೆ ಕಿವಿಯಲ್ಲಿ ಕೇಳುತ್ತದೆ. ಈ ಸಲ ನಿಜವಾದ ಉತ್ತರ ಬೇಕು ನನಗೆ. ಇಲ್ಲ ಎಂದಾದರೂ ಸರಿ.

ಅಕ್ಕ

*

ಮಾರ್ಚ್ 13

ಅಕ್ಕ,

ನಿನ್ನ ಪತ್ರವನ್ನು ಡ್ರೈವರಿಗೆ ಓದಲಿಲ್ಲ. ಅವನೂ ಕೇಳಲಿಲ್ಲ, ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ.

ಅಮ್ಮ ಪ್ರಶ್ನೆ ಕೇಳುವಾಗ ಪಕ್ಕದಲ್ಲಿದ್ದವಳು ನೀನು. ನಾನು ಬೇರೆಯವರ ಮರಗಳಿಗೆ ಕಸಿ ಕಟ್ಟುತ್ತಿದ್ದೆ. ಇನ್ನೂ ಎರಡು ದಿನ ಇದೆ, ಇನ್ನೂ ಒಂದು ದಿನ ಇದೆ ಎಂದುಕೊಂಡು, ಅವಳು ಹೋದ ಮೂರನೆಯ ದಿನ ಬಂದೆ. ಆ ಸಿಟ್ಟನ್ನು ನಿನ್ನ ಮೇಲೆ ಹೊರಿಸಿದೆ, ಕಡಿದ ಮರ ಒಂದು ನೆಪವಾಯಿತು. ಇದನ್ನು ಹೇಳಲು ನನಗೆ ಹನ್ನೊಂದು ವರ್ಷ ಮತ್ತು ಒಂದು ಮುರಿದ ಕಾಲು ಬೇಕಾಯಿತು.

ನಿಜವಾದ ಉತ್ತರ ಕೇಳಿದ್ದೀಯ. ಇದರ ಜೊತೆ ಫೆಬ್ರವರಿ ಇಪ್ಪತ್ತರಂದು ಬರೆದ ಪತ್ರ ಇದೆ. ಆವತ್ತು ಕಳುಹಿಸದೆ, "ಎಲ್ಲ ಚೆನ್ನಾಗಿದೆ" ಎಂದು ಬೇರೆ ಬರೆದೆ. ಅಮ್ಮನಿಗೆ ನೀನು ಯಾಕೆ ಹಾಗೆ ಹೇಳಿದೆ ಎಂದು ಈಗ ನನಗೆ ಗೊತ್ತು, ನಾನೂ ಅದಕ್ಕೇ ಹಾಗೆ ಬರೆದದ್ದು. ಒಂದು ಸುಳ್ಳು ನಿನ್ನನ್ನು ಹನ್ನೊಂದು ವರ್ಷ ತಿಂದಿದೆ. ನನ್ನದೂ ಒಂದು ಅದರ ಮೇಲೆ ಬೇಡ.

ಆ ಪತ್ರದಲ್ಲಿ ಬೈಗುಳ ಇದೆ, ಹಾಗೇ ಬಿಟ್ಟಿದ್ದೇನೆ. ಕಡ್ಡಿ ಒಣಗುತ್ತದೆ ಅಕ್ಕ. ಆದರೆ ಕಾದೆವಲ್ಲ ಇಬ್ಬರೂ, ಅಷ್ಟು ಸಾಕು.

ನಿನ್ನ ತಮ್ಮ

*

ಏಪ್ರಿಲ್ 3

ಅಕ್ಕ,

ಮೂರು ವಾರವಾಯಿತು. ಕಡಿದು ಎಸೆದಿದ್ದರೂ ಪರವಾಗಿಲ್ಲ. ಎರಡು ಸಾಲು ಬರೆ. ಬಿಸಿಲು ಕಿಟಕಿಗೆ ಕಾಣುವ ಕೊನೆಯ ಇಟ್ಟಿಗೆಯನ್ನೂ ದಾಟಿ ಇಳಿಯಿತು, ಈಗ ಎಣಿಸಲು ಏನೂ ಉಳಿದಿಲ್ಲ.

ತಮ್ಮ

*

ಏಪ್ರಿಲ್ 4

ಮೊಂಡ,

ನಿನ್ನ ಎರಡು ಪತ್ರಗಳ ಲಕೋಟೆ ಬಂದದ್ದು ಮಾರ್ಚ್ ಹತ್ತೊಂಬತ್ತಕ್ಕೆ. ಮೊದಲು ಹೊಸದನ್ನು ಓದಿದೆ, ಆಮೇಲೆ ಹಳೆಯದನ್ನು. ಓದಿ ಮುಗಿಸಿ ಚಾಕು ತೆಗೆದುಕೊಂಡು ಹಿತ್ತಿಲಿಗೆ ಹೋದೆ. ಕಡಿಯಲಿಕ್ಕೇ ಹೋದೆ, ಸುಳ್ಳು ಹೇಳುವುದಿಲ್ಲ. ಅದರ ಪಕ್ಕ ಕೂತು, ಕೊನೆಯ ಸಲ ಎಂದು, ಕನ್ನಡಿಯನ್ನು ಕೆಳಗೆ ಹಿಡಿದೆ.

ನಾಲ್ಕರಲ್ಲಿ ಮೂರು ಮೊಗ್ಗು ಸುಕ್ಕಿದ್ದವು. ದಾರಕ್ಕೆ ಹತ್ತಿರದ ಒಂದು ಬಿರಿದಿತ್ತು. ಕಂದು ಹೊದಿಕೆಯ ಸಂದಿಯಲ್ಲಿ ಸೂಜಿಮೊನೆಯಷ್ಟು ಹಸಿರು. ಮೇಣದ ಬಣ್ಣವಿರಬೇಕೆಂದು ಕಣ್ಣುಜ್ಜಿಕೊಂಡೆ. ಕನ್ನಡಿ ಒರೆಸಿದೆ. ಡಾಕ್ಟರಮ್ಮನನ್ನು ಕೂಗಿ ಕರೆದೆ, ಅವರು ಒದ್ದೆ ಕೈಯಲ್ಲೇ ಓಡಿಬಂದು ನೋಡಿ, "ಅಯ್ಯೋ, ಹಲ್ಲು ಬಂದಿದೆಯಲ್ರೀ!" ಎಂದರು. ಇಬ್ಬರೂ ಕಲ್ಲಿನ ಮೇಲೆ ಕೂತು ನಕ್ಕೆವು, ನಾನು ಸ್ವಲ್ಪ ಅತ್ತೆ.

ಆಗಲೇ ಬರೆಯಬೇಕಿತ್ತು. ಬರೆಯಲಿಲ್ಲ. ಬರೆದ ಮಾರನೆಯ ದಿನ ಒಣಗಿದರೆ ನನ್ನ ಮಾತು ಮತ್ತೆ ಸುಳ್ಳಾಗುತ್ತಿತ್ತು. ನಿನ್ನನ್ನು ಕಾಯಿಸಿದ್ದಕ್ಕೆ ಕ್ಷಮಿಸು.

ಅದು ಹೊರಬಂದದ್ದು ನೆಲದ ಕಡೆಗೇ. ನೀನು ಹೇಳಿದ್ದು ನಿಜ, ನಾನು ಅದರ ಆಕಾಶವನ್ನು ಕಾಲಡಿಗೆ ಹಾಕಿದ್ದೆ. ಒಂದು ದಿನ ಹಾಗೇ ಇಳಿಯಿತು. ಆಮೇಲೆ ನಿಂತಿತು. ಆಮೇಲೆ ತಿರುಗತೊಡಗಿತು. ಕಣ್ಣಿಗೆ ಕಾಣುವ ಹಾಗೆ ತಿರುಗಲಿಲ್ಲ, ನೋಡುತ್ತಾ ಕೂತರೆ ಏನೂ ಆಗುವುದಿಲ್ಲ. ಅದಕ್ಕೆ ದಿನಾ ಬೆಳಗ್ಗೆ ಅದರ ಹಿಂದೆ ಒಂದು ಬಿಳಿ ರಟ್ಟು ಇಟ್ಟು, ಚಿಗುರು ಇದ್ದಂತೆ ಪೆನ್ಸಿಲಿನಿಂದ ಗೆರೆ ಎಳೆದೆ. ಹದಿನಾಲ್ಕು ದಿನ, ಹದಿನಾಲ್ಕು ಗೆರೆ. ಮೊದಲನೆಯದು ನೆಲ ನೋಡುತ್ತದೆ. ಏಳನೆಯದು ನೇರ ಡಾಕ್ಟರಮ್ಮನ ಬೇಲಿಯನ್ನು. ಇವತ್ತು ಎಳೆದದ್ದು ಮೇಲಕ್ಕೆ, ಸೀದಾ ಮೇಲಕ್ಕೆ. ಅದಕ್ಕೆ ಯಾರು ಹೇಳಿದರು? ಕಿವಿಯಿಲ್ಲ, ಕಣ್ಣಿಲ್ಲ, ಗೋರಂಟಿ ಹಚ್ಚಿದ ಉಗುರಿನಷ್ಟು ಕೆಂಪು ತುದಿಯ ಎರಡು ಎಲೆ. ಬುಡಮೇಲು ಮಾಡಿ ಕಟ್ಟಿದವಳ ಮೇಲೆ ಅದಕ್ಕೆ ಸಿಟ್ಟೂ ಇದ್ದ ಹಾಗಿಲ್ಲ. ನನಗೆ ತೆಗೆಯಲು ಟೋಪಿ ಇಲ್ಲ, ತಲೆಯ ಬಟ್ಟೆ ತೆಗೆದು ನಿಂತೆ.

ರಟ್ಟನ್ನು ಇದರ ಜೊತೆ ಕಳುಹಿಸಿದ್ದೇನೆ. ಇಟ್ಟಿಗೆ ಮುಗಿದಿದ್ದರೆ ಇದನ್ನು ನೋಡು. ಡ್ರೈವರಿಗೂ ತೋರಿಸು. ಬಾಳುತ್ತದೋ ಇಲ್ಲವೋ ನೀನು ಬಂದು ಹೇಳಬೇಕು, ನನಗೆ ಗೊತ್ತಿಲ್ಲ. ಹಿತ್ತಿಲಿಗೆ ಇಳಿಯುವ ಮೂರು ಮೆಟ್ಟಿಲು ನಿನ್ನ ಕಾಲಿಗೆ ಆಗದು, ಹಲಗೆ ಹಾಕಿಸಿದ್ದೇನೆ. ಕುರ್ಚಿಯನ್ನೂ ಇಟ್ಟಿದ್ದೇನೆ. ದಾರ ಬಿಚ್ಚಿಲ್ಲ.

ಇವತ್ತು ಗೆರೆ ಎಳೆದ ಮೇಲೆ ಒಳಗೆ ಹೋದೆ. ಅಮ್ಮನ ಮಂಚವಿದ್ದ ಜಾಗದಲ್ಲಿ ಈಗ ನನ್ನ ಹೊಲಿಗೆಯ ಮೇಜಿದೆ. ಅದರ ಮುಂದೆ ನಿಂತು, ಕೇಳುವಷ್ಟು ಗಟ್ಟಿಯಾಗಿ, "ಚಿಗುರಿದೆ ಅಮ್ಮಾ" ಎಂದೆ. ನೋಡಿಕೊಂಡು ಬಂದೇ ಹೇಳಿದೆ.

ನಿನ್ನ ದಾರಿ ನೋಡುತ್ತಿರುವ
ಅಕ್ಕ